ನಿಮ್ಮ ಮೇಜಿನ ಮೇಲೆ ಏನಿದೆ, ನಮಗೂ ಹೇಳಿ

ಕನ್ನಡದಲ್ಲಿ ಕಾಮಿಕ್ಸ್ ಬರೆಯುತ್ತಿರುವ ಎಲ್ಲರಿಗೆ,

ಈ ಪತ್ರ ಯಾರಿಗೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ದಿನಪತ್ರಿಕೆಯ ಮೂಲೆಗೆ ಮೂರು ಚೌಕದ ಸ್ಟ್ರಿಪ್ ಕೊಡುವವರು, ವಾರಪತ್ರಿಕೆಯ ಮಕ್ಕಳ ಪುಟ ತುಂಬುವವರು, ಹಗಲೆಲ್ಲ ಆಫೀಸಿನಲ್ಲಿ ದುಡಿದು ರಾತ್ರಿ ಟ್ಯಾಬ್ಲೆಟ್ ಹಿಡಿದು ಕೂರುವವರು, ಹದಿನಾರು ಪುಟ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದು ಗೆಳೆಯರಿಗೆ ಹಂಚುವ ಕಾಲೇಜು ಹುಡುಗ ಹುಡುಗಿಯರು, ಎಲ್ಲರಿಗೂ. ನಾನು ಚಿತ್ರ ಬರೆಯುವವನಲ್ಲ. ಪತ್ರಿಕೆಯೊಂದರ ಮಕ್ಕಳ ಪುಟದಲ್ಲಿ ಬಲೂನಿನೊಳಗಿನ ಮಾತು ತಿದ್ದಿ ಕೂರಿಸುವ ಕೆಲಸ ಮಾಡಿದವನು. ಅದಕ್ಕಿಂತ ಹೆಚ್ಚಾಗಿ ನಿಮ್ಮ ಓದುಗ.

ನನ್ನ ಬೇಡಿಕೆ ಇಷ್ಟೆ. ಈಗ ಏನು ಬರೆಯುತ್ತಿದ್ದೀರಿ, ಬರೆಯುವಾಗ ಏನು ಕೇಳುತ್ತೀರಿ, ಯಾವ ಪುಸ್ತಕ ದಿಂಬಿನ ಪಕ್ಕದಲ್ಲಿದೆ, ಇವನ್ನು ಬಾಯಿಬಿಟ್ಟು ಹೇಳಿ. ಒಬ್ಬರಿಗೊಬ್ಬರು ಹೇಳಿಕೊಳ್ಳಿ, ನಮಗೂ ಹೇಳಿ.

ಕಾದಂಬರಿಕಾರರು ಮುನ್ನುಡಿಯಲ್ಲಿ ತಮ್ಮ ಗುರುಗಳನ್ನು ನೆನೆಯುತ್ತಾರೆ. ಹಾಡುವವರು ವೇದಿಕೆಯ ಮೇಲೇ ಘರಾಣೆ ಹೇಳಿಕೊಳ್ಳುತ್ತಾರೆ. ಸಿನಿಮಾದವರಂತೂ ಚಿತ್ರ ಸೆಟ್ಟೇರುವ ಮೊದಲೇ ಊರಿಗೆಲ್ಲ ಹೇಳಿರುತ್ತಾರೆ. ಕಾಮಿಕ್ಸ್ ಬರೆಯುವವರು ಮಾತ್ರ ಮುಗಿದ ಚೌಕಗಳನ್ನು ಒಪ್ಪಿಸಿ ಸುಮ್ಮನಾಗುತ್ತಾರೆ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ ಯಾರೆಂದು ಕೇಳಿದರೆ ಒಂದು ತಲೆಮಾರಿನ ಓದುಗರು ಕಣ್ಣರಳಿಸುತ್ತಾರೆ. ಅವನು ಮಲಯಾಳದಿಂದ ಬಂದವನೆಂದು ಕೆಲವರಿಗೆ ಗೊತ್ತು. ಅವನನ್ನು ಬರೆದ ಕೈ ಯಾರದು, ಆ ಕೈಗೆ ಏನು ಇಷ್ಟವಿತ್ತು ಎಂದು ನಾವು ಕೇಳಲೇ ಇಲ್ಲ. ಕೇಳದೆ ಇದ್ದದ್ದರಿಂದ ಮುಂದೆ ಬಂದವರಿಗೆ ಹಿಡಿದು ನಡೆಯಲು ಒಂದು ದಾರಿಯೂ ಉಳಿಯಲಿಲ್ಲ. ಪ್ರತಿಯೊಬ್ಬರೂ ಮೊದಲಿನಿಂದ ಶುರುಮಾಡುತ್ತಾರೆ. ನನಗೆ ನೋವಾಗುವುದು ಇಲ್ಲೇ.

ಒಬ್ಬ ಕಲಾವಿದ ತನ್ನ ಇಷ್ಟದ ಸಂಗೀತವನ್ನು ಸ್ಟ್ರಿಪ್ಪಿನೊಳಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ ನೋಡಬೇಕು. 1950ರ ಅಕ್ಟೋಬರ್ 2ರಂದು ಅಮೆರಿಕದ ಏಳು ಪತ್ರಿಕೆಗಳಲ್ಲಿ ಶುರುವಾದ ಈ ಸ್ಟ್ರಿಪ್ಪನ್ನು ಶುಲ್ಜ್ ಸುಮಾರು ಐವತ್ತು ವರ್ಷ ಒಬ್ಬರೇ ಬರೆದರು. ಅದರಲ್ಲಿ ಶ್ರೋಡರ್ ಎಂಬ ಪುಟ್ಟ ಹುಡುಗ ಆಟಿಕೆ ಪಿಯಾನೋ ಮುಂದೆ ಕೂತು ಬೀಥೋವನ್ ನುಡಿಸುತ್ತಾನೆ. 1953ರ ಒಂದು ಭಾನುವಾರದ ಸ್ಟ್ರಿಪ್ ನನಗೆ ಬಹಳ ಇಷ್ಟ. ಶ್ರೋಡರ್ ದಂಡ ಹೊಡೆಯುತ್ತಾನೆ, ಹಗ್ಗದಾಟ ಆಡುತ್ತಾನೆ, ಭಾರ ಎತ್ತುತ್ತಾನೆ, ಗಾಳಿಯಲ್ಲಿ ಮುಷ್ಟಿ ಬೀಸುತ್ತಾನೆ, ಓಡುತ್ತಾನೆ, ಹೊಟ್ಟೆ ತುಂಬ ತಿನ್ನುತ್ತಾನೆ. ಇಷ್ಟೆಲ್ಲ ಕಸರತ್ತು ಯಾಕೆಂದು ನಮಗೆ ಗೊತ್ತಾಗುವುದಿಲ್ಲ. ಕೊನೆಯ ಎರಡು ಚೌಕಗಳಲ್ಲಿ ಹುಡುಗ ಗಟ್ಟಿಮನಸ್ಸಿನಿಂದ ಪಿಯಾನೋ ಕಡೆ ನಡೆದು, ಬೆವರು ಹಾರಿಸುತ್ತ ನುಡಿಸಲು ಕೂರುತ್ತಾನೆ. ಅವನ ತಲೆಯ ಮೇಲೆ ಸ್ವರಲಿಪಿಯ ಸಾಲುಗಳು ಓಡುತ್ತವೆ.

ಪಾಶ್ಚಾತ್ಯ ಸಂಗೀತ ಓದಲು ಬಾರದ ನನ್ನಂಥವರಿಗೆ ಅದು ಅಲಂಕಾರ. ಓದಲು ಬರುವವರಿಗೆ ಅದು ಬೀಥೋವನ್‌ನ 106ನೇ ಕೃತಿ, ‘ಹ್ಯಾಮರ್‌ಕ್ಲಾವಿಯರ್’ ಸೊನಾಟಾದ ಆರಂಭ. ನಲವತ್ತು ನಿಮಿಷಕ್ಕೂ ಮಿಕ್ಕಿ ನಡೆಯುವ ಆ ಕೃತಿಗೆ ಪಳಗಿದ ವಾದಕರೂ ಹೆದರುತ್ತಾರೆ. ಇದು ಗೊತ್ತಾದ ಕೂಡಲೇ ಆ ದಂಡ, ಆ ಓಟ, ಆ ಊಟ ಎಲ್ಲಕ್ಕೂ ಅರ್ಥ ಬರುತ್ತದೆ. ನಗು ಎರಡು ಪಟ್ಟಾಗುತ್ತದೆ. ಶುಲ್ಜ್ ಸ್ವರಗಳನ್ನು ಮನಸ್ಸಿಗೆ ಬಂದಂತೆ ಗೀಚುತ್ತಿರಲಿಲ್ಲ. ನಿಜವಾದ ಸ್ವರಲಿಪಿ ನೋಡಿ, ಕೂತು ನಕಲಿಸುತ್ತಿದ್ದರು. ಸಂಗೀತ ವಿದ್ವಾಂಸರು ಬಹಳ ವರ್ಷಗಳ ನಂತರ ಒಂದೊಂದೇ ಸ್ಟ್ರಿಪ್ ಹಿಡಿದು ಯಾವ ಕೃತಿಯ ಯಾವ ಭಾಗ ಎಂದು ಗುರುತಿಸಿ ಪ್ರದರ್ಶನವನ್ನೇ ಏರ್ಪಡಿಸಿದರು. ಇನ್ನೂ ಒಂದು ವಿಷಯವಿದೆ. ಶುಲ್ಜ್ ಅವರಿಗೆ ಅಚ್ಚುಮೆಚ್ಚಾದದ್ದು ಬ್ರಾಮ್ಸ್, ಬೀಥೋವನ್ ಅಲ್ಲ. ಬೀಥೋವನ್ ಹೆಸರಿನ ಸದ್ದೇ ಹೆಚ್ಚು ತಮಾಷೆಯಾಗಿದೆ ಎಂದು ಅದನ್ನು ಆರಿಸಿಕೊಂಡರು. ಕಲಾವಿದರೇ ಬಾಯಿಬಿಡದೆ ಹೋಗಿದ್ದರೆ ಇದು ನಮಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಸಂಗೀತದ ಮಾತು ಇಷ್ಟು ಎಳೆಯುವುದಕ್ಕೆ ಕಾರಣವಿದೆ. ಸ್ಟ್ರಿಪ್ ಎಂದರೆ ಕಾಲದ ಕೆಲಸ. ಕಾದಂಬರಿಯವರಂತೆ ನೀವು ಪುಟಗಟ್ಟಲೆ ತಿರುಗಾಡುವ ಹಾಗಿಲ್ಲ. ಮೂರು ನಾಲ್ಕು ಚೌಕದಲ್ಲಿ ಎತ್ತಿ, ನಿಲ್ಲಿಸಿ, ಇಳಿಸಬೇಕು. ಎರಡು ಚೌಕಗಳ ನಡುವೆ ಇರುವ ಆ ಬೆರಳಗಲದ ಸಂದಿನಲ್ಲಿ ಓದುಗನ ಕಣ್ಣು ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ನಮ್ಮ ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಸಿದ್ಧ ಲೆಕ್ಕವೇ ಇದೆ. ಹಾಡು ತಾಳದ ಜೊತೆಗೇ ಎದ್ದರೆ ಸಮ, ತಾಳಕ್ಕಿಂತ ಮುಂಚೆ ಎದ್ದರೆ ಅತೀತ, ತಾಳ ಬಿದ್ದ ಮೇಲೆ ತುಸು ತಡೆದು ಎದ್ದರೆ ಅನಾಗತ. ಒಳ್ಳೆಯ ಸ್ಟ್ರಿಪ್‌ಗಳನ್ನು ಮುಂದಿಟ್ಟುಕೊಂಡು ನೋಡಿ. ನಗು ಬಹುಪಾಲು ಅನಾಗತದಲ್ಲೇ ಹುಟ್ಟುತ್ತದೆ. ಎರಡನೇ ಚೌಕದಲ್ಲಿ ಮಾತು ಮುಗಿಯುತ್ತದೆ, ಮೂರನೆಯದರಲ್ಲಿ ಇಬ್ಬರೂ ಸುಮ್ಮನೆ ನಿಂತಿರುತ್ತಾರೆ, ನಾಲ್ಕನೆಯದರಲ್ಲಿ ಒಂದು ಸಣ್ಣ ಮಾತು ಬೀಳುತ್ತದೆ. ಆ ಮೂರನೆಯ ಮೌನದ ಚೌಕ ತೆಗೆದುಹಾಕಿ, ಅದೇ ಮಾತು ಸಪ್ಪೆಯಾಗುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚೆಂಡೆಯ ಪೆಟ್ಟು ನಿಂತ ಕ್ಷಣ ವೇಷಧಾರಿ ಹುಬ್ಬು ಏರಿಸಿ ನಿಲ್ಲುವ ಆ ಒಂದು ಉಸಿರಿನ ಹೊತ್ತಿಗೆ ಇಡೀ ಗದ್ದೆ ನಗುತ್ತದೆ.

ಹಾಗಾಗಿ ನೀವು ಕೆಲಸ ಮಾಡುವಾಗ ಏನು ಕೇಳುತ್ತೀರಿ ಎಂದು ಕೇಳುವುದು ನನಗೆ ಬರಿ ಕುತೂಹಲದ ಪ್ರಶ್ನೆಯಲ್ಲ. ಯಕ್ಷಗಾನ ನೋಡುತ್ತ ಬೆಳೆದ ಉಡುಪಿ ಕಡೆಯವರು ಚೌಕ ಕಟ್ಟುವ ರೀತಿಗೂ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳುತ್ತ ಬೆಳೆದವರು ಕಟ್ಟುವ ರೀತಿಗೂ ವ್ಯತ್ಯಾಸ ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೇನೆ. ಆ ವ್ಯತ್ಯಾಸವನ್ನು ನೋಡಬೇಕೆಂಬ ಆಸೆ ನನಗೆ.

ಹೊರಗಿನವರು ಇದನ್ನು ಮುಚ್ಚಿಟ್ಟವರಲ್ಲ. ಕಾಮಿಕ್ಸ್ ಕಲಾವಿದ ರಾಬರ್ಟ್ ಕ್ರಂಬ್ ಹಳೆಯ 78 ಆರ್‌ಪಿಎಂ ತಟ್ಟೆಗಳನ್ನು ಜೀವಮಾನವಿಡೀ ಹುಡುಕಿ ಕೂಡಿಟ್ಟವರು. ‘ಚೀಪ್ ಸೂಟ್ ಸೆರೆನೇಡರ್ಸ್’ ಎಂಬ ತಂಡ ಕಟ್ಟಿ ತಾವೇ ಬ್ಯಾಂಜೊ ನುಡಿಸಿದವರು. 1968ರಲ್ಲಿ ಜಾನಿಸ್ ಜಾಪ್ಲಿನ್ ಹಾಡಿದ ‘ಚೀಪ್ ಥ್ರಿಲ್ಸ್’ ತಟ್ಟೆಯ ಹೊದಿಕೆಯನ್ನು ಕಾಮಿಕ್ಸ್ ಪುಟದಂತೆಯೇ ಚೌಕ ಚೌಕವಾಗಿ ಬರೆದರು. ಮುಂದೆ ಮರೆತುಹೋಗುತ್ತಿದ್ದ ಬ್ಲೂಸ್ ಗಾಯಕರ ಮುಖಗಳನ್ನು ಒಂದೊಂದು ಕಾರ್ಡಿನ ಮೇಲೆ ಬರೆದು ಇಡೀ ಸರಣಿ ಮಾಡಿದರು. ಆ ಕಾರ್ಡುಗಳ ಕೈಹಿಡಿದು ಹಳೆಯ ಹಾಡುಗಳ ಬಳಿ ಹೋದವರು ಎಷ್ಟೋ ಜನ. ಜಪಾನಿನ ಒಸಾಮು ತೆಜುಕಾ 1989ರಲ್ಲಿ ತೀರಿಕೊಂಡಾಗ ಬೀಥೋವನ್ ಬದುಕಿನ ಕುರಿತ ‘ಲುಡ್ವಿಗ್ ಬಿ’ ಅರ್ಧಕ್ಕೇ ನಿಂತಿತ್ತು. ಜಾರ್ಜ್ ಹೆರಿಮನ್ ಅವರ ‘ಕ್ರೇಜಿ ಕ್ಯಾಟ್’ ಸ್ಟ್ರಿಪ್ಪಿನಿಂದ 1922ರಲ್ಲಿ ಒಬ್ಬ ಸಂಗೀತಕಾರರು ಜಾಜ್ ನೃತ್ಯರೂಪಕ ಕಟ್ಟಿದರು. ಅಂದರೆ ಈ ದಾರಿಯಲ್ಲಿ ಎರಡೂ ಕಡೆಯಿಂದ ಓಡಾಟವಿದೆ.

ನಮ್ಮ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ಅಪ್ಪುಪೆನ್ ಎಂಬ ಹೆಸರಿನಲ್ಲಿ ಗ್ರಾಫಿಕ್ ಕಾದಂಬರಿ ಬರೆಯುವ ಜಾರ್ಜ್ ಮಾಥೆನ್ ‘ಲೌಂಜ್ ಪಿರಾನಾ’ ಎಂಬ ಇಲ್ಲಿನ ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. 2009ರ ‘ಮೂನ್‌ವರ್ಡ್’ನಿಂದ ಶುರುವಾದ ಅವರ ಕಲ್ಪನೆಯ ಲೋಕಕ್ಕೆ ‘ಹಾಲಾಹಲ’ ಎಂದು ಹೆಸರು. 2013ರ ‘ಲೆಜೆಂಡ್ಸ್ ಆಫ್ ಹಾಲಾಹಲ’ದಲ್ಲಿ ಮಾತೇ ಇಲ್ಲ ಅನ್ನಬೇಕು. ಮಾತಿಲ್ಲದ ಪುಟಗಳು ತಡವರಿಸದೆ ಓಡಬೇಕಾದರೆ ಬರೆಯುವವರಿಗೆ ಒಳಗೆ ಲಯ ಇರಲೇಬೇಕು. ಆ ಪುಸ್ತಕವನ್ನು ಡ್ರಮ್ಸ್ ಬಾರಿಸಿದ ಕೈ ಬರೆದದ್ದು ಎಂದು ತಿಳಿದ ಮೇಲೆ ನಾನು ಅದನ್ನು ಮತ್ತೆ ಮೊದಲಿನಿಂದ ಓದಿದೆ. ಪುಟ ತಿರುಗುವ ಜಾಗಗಳಲ್ಲಿ ಬೇರೆಯೇ ಸುಖ ಸಿಕ್ಕಿತು.

ಇನ್ನೂ ಹಿಂದೆ ಹೋಗುವುದಾದರೆ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಇದ್ದಾರೆ. ಕಾಮಿಕ್ಸ್ ಬರೆದವರಲ್ಲ, ನಿಜ. ಆದರೆ ಗೆರೆಯ ಮರ್ಮ ಬೇಕಾದವರು ಮೊದಲು ಅವರ ಬಳಿಗೆ ಹೋಗಬೇಕು. ದೇಹ ಹೇಗೆ ತಾಳಕ್ಕೆ ಬಾಗುತ್ತದೆ ಎಂದು ತಿಳಿಯಲು ಅವರು ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖಾಚಿತ್ರಗಳಲ್ಲಿ ಕುಣಿಯುವ ಹೆಂಗಸಿನ ಬೆನ್ನು ಒಂದೇ ಎಳೆತದಲ್ಲಿ ಬಂದಿರುತ್ತದೆ. ಪೆನ್ನು ಎತ್ತಿದ ಗುರುತೂ ಸಿಗುವುದಿಲ್ಲ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಬಿಲ್ ವಾಟರ್‌ಸನ್ ತಮ್ಮ ಸ್ಟ್ರಿಪ್ಪಿನ ಆರು ವರ್ಷದ ತುಂಟನಿಗೆ 16ನೇ ಶತಮಾನದ ಧರ್ಮಸುಧಾರಕ ಕ್ಯಾಲ್ವಿನ್ ಹೆಸರನ್ನೂ ಅವನ ಬಟ್ಟೆಯ ಹುಲಿಗೆ 17ನೇ ಶತಮಾನದ ತತ್ವಜ್ಞಾನಿ ಹಾಬ್ಸ್ ಹೆಸರನ್ನೂ ಇಟ್ಟರು. 1985ರಿಂದ 1995ರವರೆಗೆ ನಡೆದ ಆ ಸ್ಟ್ರಿಪ್ಪನ್ನು ತತ್ವಶಾಸ್ತ್ರ ಗೊತ್ತಿಲ್ಲದ ಮಕ್ಕಳೂ ಓದಿ ನಕ್ಕರು. ಹೆಸರಿನ ಹಿಂದಿನ ಓದು ಅವರಿಗೆ ಅಡ್ಡ ಬರಲಿಲ್ಲ. ಬರೆಯುವವನಿಗೆ ಮಾತ್ರ ಅದು ಬೆನ್ನೆಲುಬಾಯಿತು. ಪೀನಟ್ಸ್‌ನ ನಾಯಿ ಸ್ನೂಪಿ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯನ್ನು ದಿನಕ್ಕೆ ಒಂದು ಪದದಂತೆ ಓದುತ್ತದೆ. ಆ ದಪ್ಪ ಪುಸ್ತಕವನ್ನು ಕೈಯಲ್ಲಿ ಹಿಡಿದು ಒದ್ದಾಡಿದವರಿಗೇ ಇಂಥದ್ದು ಹೊಳೆಯುತ್ತದೆ.

ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಓದಲು ಬರುವ ಮೊದಲೇ ಮನೆಗೆ ಬರುತ್ತಿದ್ದ ಸ್ಟ್ರ್ಯಾಂಡ್, ಪಂಚ್ ಮುಂತಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು. ಡೇವಿಡ್ ಲೋ ಅವರ ವ್ಯಂಗ್ಯಚಿತ್ರ ಅಂದರೆ ಪ್ರಾಣ. ಸಹಿಯನ್ನು ಸರಿಯಾಗಿ ಓದಲಾಗದೆ ಬಹುಕಾಲ ‘ಕೌ’ ಎಂದೇ ತಿಳಿದುಕೊಂಡಿದ್ದರಂತೆ. ದೊಡ್ಡವರಾದ ಮೇಲೆ ಅವರೇ ಇದನ್ನು ಹೇಳಿಕೊಂಡಿದ್ದರಿಂದ, ಮೈಸೂರಿನ ಹುಡುಗನೊಬ್ಬನ ಕುಂಚಕ್ಕೆ ಆ ಶಕ್ತಿ ಎಲ್ಲಿಂದ ಬಂತು ಎಂದು ಇಂದು ನಮಗೆ ಹಾದಿ ಕಾಣುತ್ತದೆ. ಲಕ್ಷ್ಮಣ್ ಕಾಗೆಗಳನ್ನು ಎಷ್ಟು ಪ್ರೀತಿಯಿಂದ ಬರೆದರು ಎಂಬುದೂ ಹೀಗೆ ಅವರ ಬಾಯಿಂದಲೇ ಬಂದದ್ದು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಶುರುವಾಗುವಾಗ ತೆರೆಯ ಮೇಲೆ ಲಕ್ಷ್ಮಣ್ ಗೆರೆಗಳು, ಹಿಂದೆ ಎಲ್. ವೈದ್ಯನಾಥನ್ ಅವರ ರಾಗ. ಆ ಚಿತ್ರ ನೆನೆದರೆ ರಾಗ ಬರುತ್ತದೆ, ರಾಗ ಗುನುಗಿದರೆ ಚಿತ್ರ ಬರುತ್ತದೆ.

ಲಕ್ಷ್ಮಣ್ ಅವರ ಮೊದಮೊದಲ ವ್ಯಂಗ್ಯಚಿತ್ರಗಳು ಬಂದದ್ದು ‘ಕೊರವಂಜಿ’ಯಲ್ಲಿ. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿ 1967ರವರೆಗೆ ನಡೆಸಿದ ಆ ಪತ್ರಿಕೆಯನ್ನು ನಾನು ಮತ್ತೆ ಮತ್ತೆ ನೆನೆಯುವುದಕ್ಕೆ ಕಾರಣವಿದೆ. ಅಲ್ಲಿ ನಾ. ಕಸ್ತೂರಿ ಪದಗಳಿಗೆ ಅನರ್ಥ ಕಟ್ಟುತ್ತಿದ್ದರು, ಟಿ. ಸುನಂದಮ್ಮ ಮನೆಯೊಳಗಿನ ಹಾಸ್ಯ ಬರೆಯುತ್ತಿದ್ದರು, ಪಕ್ಕದ ಪುಟದಲ್ಲಿ ಚಿತ್ರ ಬರೆಯುವವರಿರುತ್ತಿದ್ದರು. ಬರಹಗಾರರು, ಚಿತ್ರಕಾರರು ಒಂದೇ ಚಾವಡಿಯಲ್ಲಿದ್ದರು. ಒಬ್ಬರು ಓದಿದ್ದು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಇಂದು ನೀವು ಸಂಖ್ಯೆಯಲ್ಲಿ ಅಂದಿಗಿಂತ ಹೆಚ್ಚಿರಬಹುದು. ಉಪಕರಣಗಳಂತೂ ಎಷ್ಟೋ ಮುಂದೆ ಬಂದಿವೆ. ಇಲ್ಲದಿರುವುದು ಆ ಚಾವಡಿ.

ಓದಿನ ಬಗ್ಗೆ ನನ್ನ ಸ್ವಂತ ಒತ್ತಾಯವೂ ಒಂದಿದೆ, ಅದು ಬಲೂನಿನೊಳಗೆ ವರ್ಷಗಟ್ಟಲೆ ಇಣುಕಿದವನ ಒತ್ತಾಯ. ನಮ್ಮ ಎಷ್ಟೋ ಸ್ಟ್ರಿಪ್‌ಗಳಲ್ಲಿ ಚಿತ್ರ ಜೀವಂತ, ಮಾತು ಮಾತ್ರ ಪಠ್ಯಪುಸ್ತಕದ್ದು. ಏಳು ವರ್ಷದ ಹುಡುಗ ‘ನಾನು ಹೋಗುತ್ತಿದ್ದೇನೆ’ ಅನ್ನುತ್ತಾನೆ. ಯಾವ ಊರಿನ ಯಾವ ಹುಡುಗ ಹಾಗನ್ನುತ್ತಾನೆ? ‘ಹೋಗ್ತಿದೀನಿ’ ಅನ್ನಬಹುದು, ‘ಹೊಂಟೇನಿ’ ಅನ್ನಬಹುದು. ಟಿ.ಪಿ. ಕೈಲಾಸಂ ನಾಟಕಗಳನ್ನು ಜೋರಾಗಿ ಓದಿಕೊಂಡವರು ಈ ತಪ್ಪು ಮಾಡಲಾರರು. ಬೀಚಿಯವರ ತಿಮ್ಮನ ಜೊತೆ ನಾಲ್ಕು ದಿನ ಕಳೆದವರೂ ಮಾಡಲಾರರು. ಯಾರು ಏನು ಓದುತ್ತಿದ್ದಾರೆ ಎಂದು ನೀವು ಹೇಳಿಕೊಂಡರೆ, ನಿಮ್ಮಲ್ಲೊಬ್ಬರು ಇನ್ನೊಬ್ಬರಿಗೆ ‘ಇದನ್ನು ಓದು, ನಿನ್ನ ಅಜ್ಜಿಯ ಮಾತು ಸರಿಹೋಗುತ್ತೆ’ ಎಂದು ಒಂದು ಪುಸ್ತಕ ಕೈಗಿಡಬಹುದು.

ಆಡುಮಾತು ತಂದರೆ ಅಕ್ಷರ ಕೂರಿಸುವ ಕಷ್ಟ ಬೇರೆಯದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಪ್ರತಿಯೊಬ್ಬರೂ ಇದರ ಜೊತೆ ಒಬ್ಬಂಟಿಯಾಗಿ ಗುದ್ದಾಡಿದ್ದೀರಿ ಎಂದು ನನಗೆ ಗೊತ್ತು. ಇಂಗ್ಲಿಷ್ ಸ್ಟ್ರಿಪ್‌ಗಳಲ್ಲಿ ಎಲ್ಲವೂ ದೊಡ್ಡಕ್ಷರ, ಒಂದೇ ಎತ್ತರ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿಬಿಡಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ತಂದುಕೊಡು’ ಎಂದು ಬರೆದರೆ ಅಗಲವಾಗುತ್ತದೆ, ಕೆಳಗಿನ ಜೋತು ಕಡಿಮೆ. ‘ತಂದ್ಕೊಡು’ ಎಂದರೆ ಅಗಲ ಉಳಿಯಿತು, ಆದರೆ ಕಕಾರದ ಒತ್ತು ಕೆಳಗಿಳಿಯಿತು. ‘ತಪ್ಪಿಸ್ಕೊಂಡ್ಬಿಟ್ಟ’ ಎಂಬಲ್ಲಿ ನಾಲ್ಕು ಒತ್ತು ಸಾಲಾಗಿ ನೇತಾಡುತ್ತವೆ. ಕೆಳಗಿನ ಸಾಲಿನಲ್ಲಿ ‘ಕಿ’ಯೋ ‘ಕೀ’ಯೋ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಹೀಗೆ ಆಡುಮಾತು ಬಲೂನನ್ನು ಅಡ್ಡಕ್ಕೆ ಕಿರಿದು ಮಾಡಿ ಉದ್ದಕ್ಕೆ ಹಿಗ್ಗಿಸುತ್ತದೆ. ಆದ್ದರಿಂದ ಚಿತ್ರ ಮುಗಿಸಿ ಆಮೇಲೆ ಮಾತು ತುರುಕುವ ಪದ್ಧತಿ ನಮಗೆ ಆಗಿಬರುವುದಿಲ್ಲ. ಮಾತನ್ನು ಮೊದಲು ಕೈಯಲ್ಲಿ ಬರೆದು, ಅದಕ್ಕೆ ಬಲೂನು ಸುತ್ತಿ, ಉಳಿದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸಬೇಕು. ಕೈಬರಹವಾದರೆ ಒತ್ತನ್ನು ತುಸು ಪಕ್ಕಕ್ಕೆ ಸರಿಸಿ ಕೆಳಗಿನ ಸಾಲಿಗೆ ದಾರಿ ಬಿಡಬಹುದು. ಟೈಪಿಗೆ ಆ ಸ್ವಾತಂತ್ರ್ಯವಿಲ್ಲ. ಟೈಪೇ ಬೇಕೆನ್ನುವವರಿಗೆ ‘ಬಾಲೂ ತಮ್ಮ’, ‘ಅಕಾಯ ಕನ್ನಡಕ’ದಂಥ ಲಿಪಿಗಳು ಉಚಿತವಾಗಿ ಸಿಗುತ್ತವೆ. ಸರ್ಕಾರಿ ಸುತ್ತೋಲೆಯ ಬಿಗಿ ಅವುಗಳಲ್ಲಿಲ್ಲ. ಇಂಥ ವಿಷಯಗಳನ್ನು ಒಬ್ಬರು ಕಂಡುಕೊಂಡರೆ ಹತ್ತು ಜನರ ಹತ್ತು ರಾತ್ರಿ ಉಳಿಯುತ್ತದೆ. ಶುಲ್ಜ್ ತಾವು ಬಳಸುವ ನಿಬ್ಬಿನ ನಂಬರನ್ನೂ ಮುಚ್ಚಿಡಲಿಲ್ಲ. ಎಸ್ಟರ್‌ಬ್ರುಕ್ 914. ಕಂಪನಿ ಅದನ್ನು ನಿಲ್ಲಿಸಿದಾಗ ಉಳಿದ ದಾಸ್ತಾನನ್ನೆಲ್ಲ ಕೊಂಡುಕೊಂಡರು.

ಇನ್ನು, ಈಗ ಕೈಯಲ್ಲಿರುವ ಕೆಲಸ. ಇದನ್ನು ಹೇಳಲು ನಿಮಗೆ ಹಿಂಜರಿಕೆ ಇರುವುದು ನನಗೆ ಗೊತ್ತು. ಕಲ್ಪನೆ ಕದ್ದುಹೋದರೆ? ಅರ್ಧ ಹೇಳಿ ಪೂರ್ತಿ ಮಾಡಲಾಗದಿದ್ದರೆ? ಎರಡೂ ಸುಳ್ಳು ಭಯಗಳಲ್ಲ. ಆದರೆ ಹೇಳದೆ ಹೋದದ್ದರಿಂದ ಆಗಿರುವ ನಷ್ಟ ನನ್ನ ಕಣ್ಣಿಗೆ ಹೆಚ್ಚು ಕಾಣುತ್ತದೆ. ಹೇಳಿದ್ದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಮರ ಚಿತ್ರಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಕಾರ್ಕಳದವರು ಎಂಬುದು ಬಹಳ ಜನರಿಗೆ ಗೊತ್ತು. ಅದಕ್ಕೂ ಹಿಂದೆ, 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಮ್ ಕನ್ನಡದಲ್ಲಿ ಮಕ್ಕಳ ಕಾಮಿಕ್ಸ್ ತರೋಣವೆಂದು ಹೇಳಿದರು. ಮೊದಲ ಹತ್ತು ಪುಸ್ತಕ ಕನ್ನಡದಲ್ಲೇ ಬಂದವು ಎಂದು ಅವರು ನೆನಪಿಸಿಕೊಂಡಿದ್ದಾರೆ. ‘ಕೃಷ್ಣ’ ಪುಸ್ತಕಕ್ಕೆ 11ನೇ ನಂಬರು ಬಿದ್ದದ್ದು ಆ ಹತ್ತರ ನಂತರ. ಪುಸ್ತಕ ಮಾರುವ ಒಬ್ಬರು ಮನಸ್ಸಿನಲ್ಲಿದ್ದುದನ್ನು ಹೇಳಿದ್ದರಿಂದ ಶುರುವಾದದ್ದು ಅದು.

ಬೆಂಗಳೂರಿನ ಮಾಯಾ ಕಾಮತ್ ಅವರನ್ನೂ ನೆನೆಯಬೇಕು. ರಾಜಕೀಯ ವ್ಯಂಗ್ಯಚಿತ್ರಕ್ಕೆ ಹೋಗುವ ಮೊದಲು ಅವರು ಡೆಕ್ಕನ್ ಹೆರಾಲ್ಡ್‌ನಲ್ಲಿ ‘ಗೀತಾ’ ಎಂಬ ಸ್ಟ್ರಿಪ್ ಬರೆದರು. ಮಧ್ಯಮವರ್ಗದ ಮನೆಯೊಂದರ ದಿನನಿತ್ಯದ ಕಥೆ. 2001ರಲ್ಲಿ, ಐವತ್ತರ ವಯಸ್ಸಿನಲ್ಲೇ ಅವರು ತೀರಿಹೋದರು. ಮನೆ, ಮಕ್ಕಳು, ಗಡುವು ಇವುಗಳ ನಡುವೆ ಅವರು ಏನು ಓದುತ್ತಿದ್ದರು, ಮೇಜಿನ ಬಳಿ ರೇಡಿಯೊ ಇತ್ತೇ, ಗೀತಾಳಿಗೆ ಆಡಿಸುವ ಮಾತನ್ನು ಎಲ್ಲಿ ಕೇಳಿಸಿಕೊಳ್ಳುತ್ತಿದ್ದರು ಎಂದು ಈಗ ಸ್ಟ್ರಿಪ್ ಶುರುಮಾಡುವ ಒಬ್ಬ ಹುಡುಗಿ ಕೇಳಬೇಕೆಂದರೆ ಅವರಿಲ್ಲ.

ತಮ್ಮ ಬಗ್ಗೆ ಮಾತಾಡಲು ಇಷ್ಟವಿಲ್ಲದವರಿಗೂ ಇದರಲ್ಲಿ ಜಾಗವಿದೆ. ವಾಟರ್‌ಸನ್ ಸಂದರ್ಶನವೆಂದರೆ ದೂರ ಓಡುವವರು. ಗೊಂಬೆ, ಟೀ ಶರಟು ಮಾರಲೂ ಒಪ್ಪದವರು. ಆದರೂ 1995ರ ಹತ್ತನೇ ವರ್ಷದ ಸಂಪುಟದಲ್ಲಿ ಪೀನಟ್ಸ್, ಪೋಗೊ, ಕ್ರೇಜಿ ಕ್ಯಾಟ್ ಸ್ಟ್ರಿಪ್‌ಗಳು ತಮಗೆ ಏನು ಕಲಿಸಿದವು ಎಂದು ಮನಸಾರೆ ಬರೆದರು. ತಮ್ಮ ಮನೆಯ ಬಾಗಿಲು ತೆರೆಯಲಿಲ್ಲ, ಪುಸ್ತಕದ ಕಪಾಟು ತೆರೆದರು. ‘ಕಲ್ ಡಿ ಸಾಕ್’ ಸ್ಟ್ರಿಪ್ ಬರೆಯುತ್ತಿದ್ದ ರಿಚರ್ಡ್ ಥಾಂಪ್ಸನ್‌ಗೆ ಪಾರ್ಕಿನ್ಸನ್ ಬಂದಾಗ ನೂರಕ್ಕೂ ಹೆಚ್ಚು ಕಲಾವಿದರು ಅವರ ಪಾತ್ರಗಳನ್ನು ತಮ್ಮ ತಮ್ಮ ಶೈಲಿಯಲ್ಲಿ ಬರೆದು ಚಿಕಿತ್ಸೆಯ ಸಂಶೋಧನೆಗೆ ಹಣ ಕೂಡಿಸಿದರು. ವರ್ಷಗಟ್ಟಲೆ ಮರೆಯಲ್ಲಿದ್ದ ವಾಟರ್‌ಸನ್ ಕೂಡ ಒಂದು ಎಣ್ಣೆಬಣ್ಣದ ಚಿತ್ರ ಕೊಟ್ಟರು. 2014ರ ಜೂನ್‌ನಲ್ಲಿ ಸ್ಟೀಫನ್ ಪಾಸ್ಟಿಸ್ ಅವರ ‘ಪರ್ಲ್ಸ್ ಬಿಫೋರ್ ಸ್ವೈನ್’ ಸ್ಟ್ರಿಪ್ಪಿಗೆ ಮೂರು ದಿನ ಗುಟ್ಟಾಗಿ ಚಿತ್ರ ಬರೆದು, ಆ ಮೂಲಪ್ರತಿಗಳ ಹರಾಜಿನ ಹಣವನ್ನೂ ಅದಕ್ಕೇ ಬಿಟ್ಟರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿದ್ದಲ್ಲಿ ಮಾತ್ರ ಇಂಥ ಒಗ್ಗಟ್ಟು ಬರುತ್ತದೆ. ನಮ್ಮಲ್ಲಿ ನಾಳೆ ಒಬ್ಬ ಸ್ಟ್ರಿಪ್ ಕಲಾವಿದರ ಕೈ ನಿಂತುಹೋದರೆ ಅವರ ಪಾತ್ರಗಳನ್ನು ಬರೆದು ಕೊಡಬಲ್ಲವರು ಎಷ್ಟು ಮಂದಿ ಇದ್ದೀರಿ?

ಆಗಬೇಕಾದ್ದು ದೊಡ್ಡದೇನಲ್ಲ. ನಿಮ್ಮ ಸ್ಟ್ರಿಪ್‌ಗಳ ಸಂಕಲನ ಬಂದಾಗ ಕೊನೆಯಲ್ಲಿ ಎರಡು ಪುಟ ಬಿಡಿ. ಇದನ್ನು ಬರೆಯುವಾಗ ಕೇಳಿದ್ದು, ಓದಿದ್ದು, ಮುಂದೆ ಬರೆಯಬೇಕೆಂದಿರುವುದು. ಹಿನ್ನುಡಿಗಿಂತ ನಾನು ಅದನ್ನೇ ಮೊದಲು ಓದುತ್ತೇನೆ. ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ ಮಿಡ್‌ಫರ್ಡ್ ಹೌಸ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ಅಲ್ಲಿ ಪ್ರದರ್ಶನ ನೋಡಲು ಬಂದವರು ಗೋಡೆ ನೋಡಿ ಹೊರಟುಹೋಗುತ್ತೀರಿ. ಅರ್ಧ ಗಂಟೆ ನಿಂತು ಪಕ್ಕದವರನ್ನು ‘ಈಗ ಏನು ಮಾಡ್ತಿದೀರಿ?’ ಎಂದು ಕೇಳಿ. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯಲ್ಲಿ ಇರುವವರು ಬೆಂಗಳೂರಿನ ದಾರಿ ಕಾಯಬೇಕಾಗಿಲ್ಲ. ಒಂದು ಹೋಟೆಲ್ಲಿನ ಮೂಲೆ ಮೇಜು, ನಾಲ್ಕು ಜನ, ಒಬ್ಬೊಬ್ಬರ ಚೀಲದಲ್ಲಿ ಒಂದು ಅರ್ಧ ಮುಗಿದ ಪುಟ, ಒಂದು ಪುಸ್ತಕ ಇದ್ದರೆ ಆಯಿತು. ಹಾಡು ಫೋನಿನಲ್ಲೇ ಇರುತ್ತದೆ. ಅರ್ಧ ಮುಗಿದ ಪುಟ ಮುಖ್ಯ. ಮುಗಿದದ್ದನ್ನು ಯಾರೂ ತಿದ್ದಲಾರರು, ಅರ್ಧದಲ್ಲಿರುವುದಕ್ಕೆ ‘ಈ ಚೌಕ ಬೇಡ’ ಎಂದು ಹೇಳುವ ಗೆಳೆಯ ಬೇಕು.

ಸಂಪಾದಕರಾಗಿರುವವರಿಗೂ ಒಂದು ಮಾತು. ಸ್ಟ್ರಿಪ್ಪಿನ ಕೆಳಗೆ ಬರೆದವರ ಹೆಸರನ್ನು ಓದಲು ಬರುವ ಅಳತೆಯಲ್ಲಿ ಹಾಕಿ. ವರ್ಷಕ್ಕೊಮ್ಮೆ ಅವರನ್ನು ಕರೆದು ಇಷ್ಟದ ಪುಸ್ತಕ, ಇಷ್ಟದ ಹಾಡು ಕೇಳಿ ಒಂದು ಪುಟ ಕೊಡಿ. ಕವಿಗಳಿಗೆ, ನಟರಿಗೆ ಕೊಡುವ ಗೌರವ ಇವರಿಗೂ ಸಲ್ಲಬೇಕು.

ಕೇಳುವವನು ತಾನೂ ಹೇಳಬೇಕಲ್ಲ. ಈಗ ನನ್ನ ಮೇಜಿನ ಮೇಲೆ ಇರುವುದು ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’. ಓದುತ್ತ ಓದುತ್ತ ಅವರ ಗಾಯನವನ್ನೇ ಹಾಕಿಕೊಂಡು ಕೂರುತ್ತೇನೆ. ಬಾಲ್ಯದಲ್ಲಿ ನಾಟಕ ಕಂಪನಿ ಸೇರಿದ ಆ ಹುಡುಗನ ಕಥೆಯನ್ನು ಯಾರಾದರೂ ಚೌಕಗಳಲ್ಲಿ ಹೇಳಿದರೆ ಹೇಗಿರುತ್ತದೆ, ಆಲಾಪವನ್ನು ಗೆರೆಯಲ್ಲಿ ತೋರಿಸುವುದು ಹೇಗೆ ಎಂದು ಯೋಚಿಸುತ್ತಿದ್ದೇನೆ. ನನ್ನಿಂದ ಅದು ಆಗುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಆದೀತು, ಕಲ್ಪನೆ ಬೇಕಾದವರು ತೆಗೆದುಕೊಳ್ಳಿ. ಬಲೂನಿನ ಮಾತು ತಿದ್ದಲು ನಾನು ಸಿದ್ಧ.

ಈಗ ನಿಮ್ಮ ಸರದಿ.

ಪ್ರೀತಿಯಿಂದ,
ನಿಮ್ಮ ಓದುಗ